ಪೊಲೀಸರು ಒಯ್ದ ಪೆನ್‌ಡ್ರೈವ್ ಚಾರ್ಜ್‌ಶೀಟಿನಲ್ಲಿ ಇಲ್ಲ. ಕೇಳುವ ಹಕ್ಕು ನಮಗಿದೆಯೇ?

ಪ್ರಶ್ನೆ: ನಾವು ಮುಧೋಳ ತಾಲ್ಲೂಕಿನ ರೈತರು. ಕಳೆದ ಹಂಗಾಮಿನಲ್ಲಿ ನಮ್ಮೂರಲ್ಲಿ ಹೊಲದ ದಾರಿ ಸಂಬಂಧ ರಾತ್ರಿ ಬಡಿದಾಟವಾಗಿ ಒಬ್ಬರಿಗೆ ಕೊಡಲಿ ಏಟು ಬಿತ್ತು. ಎಫ್‌ಐಆರ್‌ನಲ್ಲಿ ನನ್ನ ತಮ್ಮನ ಹೆಸರೂ ಇದೆ, ಕೊಲೆ ಯತ್ನದ ಕಲಂ ಹಾಕಿದ್ದಾರೆ. ಆ ಹೊತ್ತಿಗೆ ಅವನು ಕಬ್ಬಿನ ಟ್ರ್ಯಾಕ್ಟರ್ ತಗೊಂಡು ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ ಸರದಿಯಲ್ಲಿದ್ದ. ಪೊಲೀಸರೇ ಅಲ್ಲಿಗೆ ಹೋಗಿ ಕಾಟಾದ ಸಿಸಿಟಿವಿ ದೃಶ್ಯ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡರು, ಕಾಟಾ ಗುಮಾಸ್ತನ ಹೇಳಿಕೆಯನ್ನೂ ಬರೆದುಕೊಂಡರು. ಈಗ ಚಾರ್ಜ್‌ಶೀಟ್ ಬಂದಿದೆ, ಎರಡೂ ಅದರಲ್ಲಿಲ್ಲ. ಠಾಣೆಯಲ್ಲಿ ಕೇಳಿದರೆ ‘ಅದೆಲ್ಲಾ ಕೋರ್ಟಿನ್ಯಾಗ ಕೇಳ್ರಿ’ ಅಂದರು. ತಮ್ಮನಿಗೆ ಜಾಮೀನು ಸಿಕ್ಕಿದೆ. ಕೇಸು ಇನ್ನೂ ಸೆಷನ್ಸ್‌ಗೆ ಹೋಗಿಲ್ಲ. ನಮಗೆ ಕೇಳುವ ಹಕ್ಕಿದೆಯೇ? ಇನ್ನೊಂದು ಮಾತು: ಅಮೆರಿಕದಲ್ಲಿ ಸಾಕ್ಷ್ಯವನ್ನು ಎದುರು ಪಕ್ಷಕ್ಕೆ ಕೊಡುವ ಬಗ್ಗೆ ಪೊಲೀಸರು ಬರಹದಲ್ಲೇ ನಿಯಮ ಮಾಡಿಕೊಳ್ಳಬೇಕು ಎಂಬ ಕಾನೂನು ಬರುತ್ತಿದೆ ಎಂದು ಮಗಳು ಓದಿ ಹೇಳಿದಳು. ನಮ್ಮಲ್ಲಿ ಅಂಥದ್ದು ಯಾಕಿಲ್ಲ?

ಉತ್ತರ: ಹಕ್ಕಿದೆ. ಆದರೆ ನೀವು ಮೊದಲು ಕೇಳಬೇಕಾದದ್ದು ಪೆನ್‌ಡ್ರೈವ್ ಅಲ್ಲ, ಪಟ್ಟಿ. ತನಿಖೆಯಲ್ಲಿ ಪೊಲೀಸರು ಸಂಗ್ರಹಿಸಿ, ಚಾರ್ಜ್‌ಶೀಟಿನಲ್ಲಿ ಬಳಸದೆ ಬಿಟ್ಟ ಹೇಳಿಕೆ, ದಾಖಲೆ, ವಸ್ತುಗಳ ಪಟ್ಟಿ. ಈ ಪಟ್ಟಿ ಕೈಗೆ ಬಂದರೆ ಮುಂದಿನ ಅರ್ಧ ಕೆಲಸ ತಾನೇ ಆಗುತ್ತದೆ. ಪಟ್ಟಿ ಇಲ್ಲದೆ ‘ಪೆನ್‌ಡ್ರೈವ್ ಕೊಡಿ’ ಎಂದು ಅರ್ಜಿ ಹಾಕಿದರೆ ‘ಅಂಥದ್ದು ನಮ್ಮ ಬಳಿ ಇಲ್ಲವೇ ಇಲ್ಲ’ ಎಂಬ ಒಂದೇ ಸಾಲಿನ ತಕರಾರು ಬರುತ್ತದೆ. ಆಮೇಲೆ ಅದು ಇತ್ತು ಎಂದು ಸಾಬೀತು ಮಾಡುವ ಭಾರ ನಿಮ್ಮ ತಲೆ ಮೇಲೆ.

ಮೊದಲು ನಿಮ್ಮ ಕೈಗೆ ಬಂದಿರುವ ಪ್ರತಿಗಳ ಲೆಕ್ಕ ನೋಡೋಣ. 2024ರ ಜುಲೈ 1ರ ನಂತರದ ಪ್ರಕರಣವಾದ್ದರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ವಯಿಸುತ್ತದೆ. ಅದರ ಕಲಂ 230ರ ಪ್ರಕಾರ ಆರೋಪಿ ಹಾಜರಾದ 14 ದಿನದೊಳಗೆ ಮ್ಯಾಜಿಸ್ಟ್ರೇಟರು ಅವನಿಗೆ ಪುಕ್ಕಟೆಯಾಗಿ ಪ್ರತಿಗಳನ್ನು ಕೊಡಿಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಕಲಂ 207 ಆಗಿತ್ತು, ಇಂಥ ಗಡುವು ಇರಲಿಲ್ಲ. ಕೊಡಬೇಕಾದವು ಯಾವುವು? ಪೊಲೀಸ್ ವರದಿ, ಎಫ್‌ಐಆರ್, ಮ್ಯಾಜಿಸ್ಟ್ರೇಟರ ಮುಂದೆ ದಾಖಲಾದ ಹೇಳಿಕೆಗಳು, ವರದಿಯ ಜೊತೆ ಕೋರ್ಟಿಗೆ ಕಳಿಸಿದ ದಾಖಲೆಗಳು, ಮತ್ತು ‘ಅಭಿಯೋಜನೆಯು’ (ಅಂದರೆ ಕೇಸು ನಡೆಸುವ ಸರ್ಕಾರದ ಪಕ್ಷವು) ‘ಸಾಕ್ಷಿಯಾಗಿ ವಿಚಾರಿಸಲು ಉದ್ದೇಶಿಸಿರುವ’ ವ್ಯಕ್ತಿಗಳು ಪೊಲೀಸರ ಮುಂದೆ ಕೊಟ್ಟ ಹೇಳಿಕೆಗಳು.

ಕೊನೆಯ ಷರತ್ತನ್ನು ಗಮನಿಸಿ. ಕಾಟಾ ಗುಮಾಸ್ತನ ಹೇಳಿಕೆ ಬರೆದುಕೊಂಡರೂ ಅವನನ್ನು ಸಾಕ್ಷಿದಾರರ ಪಟ್ಟಿಗೆ ಸೇರಿಸಲಿಲ್ಲ, ಆದ್ದರಿಂದ ಅವನ ಹೇಳಿಕೆ ಈ ಕಲಮಿನ ಕೆಳಗೆ ನಿಮಗೆ ಬರಲಿಲ್ಲ. ಪೆನ್‌ಡ್ರೈವನ್ನು ವರದಿಯ ಜೊತೆ ಕಳಿಸಲಿಲ್ಲ, ಆದ್ದರಿಂದ ಅದೂ ಬರಲಿಲ್ಲ. ತನಿಖಾಧಿಕಾರಿ ಏನನ್ನು ಒಳಗಿಟ್ಟ, ಏನನ್ನು ಹೊರಗಿಟ್ಟ ಎಂಬುದು ಆತನ ತೀರ್ಮಾನ. ಹೊರಗಿಟ್ಟದ್ದರ ಬಗ್ಗೆ ಕಲಂ 230 ಬಾಯಿ ಬಿಡುವುದಿಲ್ಲ. ಕಾನೂನಿನ ಅಕ್ಷರದ ಮಟ್ಟಿಗೆ ಠಾಣೆಯವರು ತಪ್ಪು ಮಾಡಿಲ್ಲವೆಂದೇ ವಾದಿಸಬಹುದು. ದಶಕಗಳ ಕಾಲ ಹಾಗೆಯೇ ವಾದಿಸುತ್ತ ಬಂದಿದ್ದಾರೆ.

ಈ ಕಿಂಡಿಯನ್ನು ಮುಚ್ಚಿದ್ದು ಸುಪ್ರೀಂ ಕೋರ್ಟ್. ಕ್ರಿಮಿನಲ್ ವಿಚಾರಣೆಗಳಲ್ಲಿನ ಕೊರತೆಗಳನ್ನು ಕುರಿತು ತಾನೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಅದು 2021ರ ಏಪ್ರಿಲ್ 20ರಂದು ಕರಡು ನಿಯಮಾವಳಿಯೊಂದನ್ನು ಅಂತಿಮಗೊಳಿಸಿ, ಎಲ್ಲ ಹೈಕೋರ್ಟುಗಳೂ ರಾಜ್ಯ ಸರ್ಕಾರಗಳೂ 6 ತಿಂಗಳೊಳಗೆ ಅದಕ್ಕೆ ತಕ್ಕಂತೆ ತಮ್ಮ ನಿಯಮಗಳನ್ನು ತಿದ್ದಿಕೊಳ್ಳಬೇಕೆಂದು ಹೇಳಿತು. ಅದರ 4ನೇ ನಿಯಮಕ್ಕೆ ಒಂದು ಸಣ್ಣ ವಿವರಣೆ ಇದೆ: ಆರೋಪಿಗೆ ಕೊಡುವ ಪಟ್ಟಿಯಲ್ಲಿ ತನಿಖಾಧಿಕಾರಿ ಅವಲಂಬಿಸದ ಹೇಳಿಕೆ, ದಾಖಲೆ, ವಸ್ತುಗಳನ್ನೂ ನಮೂದಿಸಬೇಕು. ಮರುವರ್ಷ, 2022ರ ಮೇ ತಿಂಗಳಲ್ಲಿ, ಮನೋಜ್ ವಿರುದ್ಧ ಮಧ್ಯಪ್ರದೇಶ ಸರ್ಕಾರ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೂ ಬಿಗಿಯಾಗಿ ಹೇಳಿತು: ಎಲ್ಲ ಕ್ರಿಮಿನಲ್ ವಿಚಾರಣೆಗಳಲ್ಲೂ ಅಭಿಯೋಜನೆ ಈ ಪಟ್ಟಿ ಕೊಡತಕ್ಕದ್ದು, ಕೊಡುವಂತೆ ನೋಡಿಕೊಳ್ಳುವುದು ವಿಚಾರಣಾ ನ್ಯಾಯಾಧೀಶರ ಹೊಣೆ. ಅದೇ ವರ್ಷದ ನವೆಂಬರಿನ ಪೊನ್ನುಸಾಮಿ ಪ್ರಕರಣದಿಂದ ಇನ್ನೊಂದು ಪಾಠ ಕಲಿಯಬೇಕು. ಪಟ್ಟಿ ಕೇಳುವ ಕಾಲ ವಿಚಾರಣೆಯ ಆರಂಭ. ಎಲ್ಲ ಮುಗಿದು ಮೇಲ್ಮನವಿಯ ಹಂತಕ್ಕೆ ಹೋದ ಮೇಲೆ ಎದ್ದು ಕೇಳಿದವರಿಗೆ ಅಲ್ಲಿ ಪರಿಹಾರ ಸಿಗಲಿಲ್ಲ. ನಿಮ್ಮ ಕೇಸು ಇನ್ನೂ ಜೆ.ಎಂ.ಎಫ್.ಸಿ. (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ) ಕೋರ್ಟಿನಲ್ಲೇ ಇರುವುದು ಈ ದೃಷ್ಟಿಯಿಂದ ಒಳ್ಳೆಯದೇ ಆಯಿತು.

ಈ ತೀರ್ಪುಗಳಿಗೂ ಮುಂಚೆ ಇದೇ ದಾರಿಯಲ್ಲಿ ನಡೆದ ಎರಡು ಪ್ರಕರಣಗಳು ನಮ್ಮ ರಾಜ್ಯದ ಕೋರ್ಟುಗಳಿಂದಲೇ ಹೋದವು. ಜಯಲಲಿತಾ ಅವರ ಅಕ್ರಮ ಆಸ್ತಿ ವಿಚಾರಣೆ ಬೆಂಗಳೂರಿನಲ್ಲಿ ನಡೆಯುತ್ತಿದ್ದಾಗ, 2012ರಲ್ಲಿ, ಸಹ ಆರೋಪಿ ವಿ.ಕೆ. ಶಶಿಕಲಾ ಅವರು ತನಿಖೆಯಲ್ಲಿ ಜಪ್ತಾಗಿ ಕೋರ್ಟಿಗೆ ಬಂದರೂ ಅಭಿಯೋಜನೆ ಬಳಸದ ದಾಖಲೆಗಳನ್ನು ನೋಡಲು ಕೇಳಿದ್ದರು. ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು. ರಾಮನಗರದ ನಿತ್ಯಾನಂದ ಪ್ರಕರಣದಲ್ಲಿ, 2017ರ ಡಿಸೆಂಬರಿನಲ್ಲಿ, ಅದೇ ಕೋರ್ಟ್ ಇನ್ನೊಂದು ಬಾಗಿಲು ತೆರೆಯಿತು. ಅದಕ್ಕೆ ಆಮೇಲೆ ಬರುತ್ತೇನೆ. 2025ರ ಮೇ ತಿಂಗಳಲ್ಲಿ ಸರಳಾ ಗುಪ್ತಾ ಪ್ರಕರಣದಲ್ಲಿ, ಜಾರಿ ನಿರ್ದೇಶನಾಲಯದ ಹಣ ಅಕ್ರಮ ವರ್ಗಾವಣೆ ಕೇಸುಗಳಲ್ಲೂ ಆರೋಪಿಗೆ ಬಳಸದ ದಾಖಲೆಗಳ ಪಟ್ಟಿ ಸಿಗಬೇಕೆಂದು ತೀರ್ಮಾನವಾಯಿತು. ಅಷ್ಟು ಕಠಿಣ ಕಾಯ್ದೆಯಲ್ಲಿ ಸಿಗುವುದು ಹೊಲದ ದಾರಿಯ ಜಗಳದಲ್ಲಿ ಸಿಗುವುದಿಲ್ಲ ಎಂದು ಯಾರೂ ಹೇಳಲಾರರು.

ಇನ್ನು ನಿಮ್ಮ ಪ್ರಕರಣದಲ್ಲಿ ಏನು ಮಾಡಬೇಕು.

ಆ ಪೆನ್‌ಡ್ರೈವ್ ಯಾವ ರೀತಿಯಲ್ಲಿ ಪೊಲೀಸರ ಕೈ ಸೇರಿತು ಎಂಬುದನ್ನು ಮೊದಲು ಪತ್ತೆ ಹಚ್ಚಿ. ಎರಡು ಸಾಧ್ಯತೆ. ಪಂಚರನ್ನು ಕರೆದು ಪಂಚನಾಮೆ ಮಾಡಿ ಜಪ್ತು ಮಾಡಿದ್ದರೆ ಪಿ.ಎಫ್. ನಂಬರ್, ಅಂದರೆ ಜಪ್ತಾದ ವಸ್ತುವಿನ ನಮೂನೆಯ ಸಂಖ್ಯೆ, ಬಿದ್ದಿರುತ್ತದೆ. ಜಪ್ತು ಮಾಡಿದ ವಸ್ತುವಿನ ಬಗ್ಗೆ ಪೊಲೀಸರು ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು, ಅದು ಕಲಂ 106ರಲ್ಲಿದೆ. ಹಾಗಾಗಿ ನಿಮ್ಮ ವಕೀಲರು ಕೋರ್ಟಿನ ಕಡತದಲ್ಲೂ ಜಪ್ತಾದ ವಸ್ತುಗಳನ್ನು ಬರೆದಿಡುವ ಮುದ್ದೆಮಾಲು ವಹಿಯಲ್ಲೂ ನೋಡಿದರೆ ಗುರುತು ಸಿಗಬೇಕು. ಕಲಂ 105 ಈಗ ಶೋಧ ಮತ್ತು ಜಪ್ತಿಯನ್ನು ಮೊಬೈಲಿನಲ್ಲಾದರೂ ಚಿತ್ರೀಕರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕೆಂದು ಹೇಳುತ್ತದೆ. ಆ ಚಿತ್ರೀಕರಣವೂ ಇದೆಯೇ ಕೇಳಿ. ಎರಡನೆಯ ಸಾಧ್ಯತೆಯೇ ಹೆಚ್ಚು: ಪಿ.ಎಸ್.ಐ. ಸಾಹೇಬರೋ ಹವಾಲ್ದಾರರೋ ಬಂದು ‘ಒಂದು ಕಾಪಿ ಹಾಕಿ ಕೊಡ್ರಿ’ ಎಂದು ಬಾಯಿಮಾತಿನಲ್ಲೇ ತೆಗೆದುಕೊಂಡು ಹೋಗಿರುತ್ತಾರೆ. ಆಗ ಕಾರ್ಖಾನೆಯಲ್ಲಿ ಏನಾದರೂ ಕುರುಹು ಉಳಿದಿದೆಯೇ ಹುಡುಕಬೇಕು. ಪೊಲೀಸರು ಕೊಟ್ಟ ನೋಟಿಸು, ಇನ್‌ವರ್ಡ್ ರಿಜಿಸ್ಟರಿನ ನಮೂದು, ಗೇಟಿನ ಭದ್ರತಾ ಸಿಬ್ಬಂದಿಯ ವಹಿ, ಇವುಗಳಲ್ಲಿ ಒಂದಾದರೂ ಸಾಕು.

ಅದಕ್ಕಿಂತ ತುರ್ತಾದದ್ದು ಮೂಲ ದೃಶ್ಯ. ಸಿಸಿಟಿವಿ ಪೆಟ್ಟಿಗೆಗಳಲ್ಲಿ ಹಳೆಯದರ ಮೇಲೆ ಹೊಸದು ತಾನಾಗಿ ಅಚ್ಚಾಗುತ್ತ ಹೋಗುತ್ತದೆ. ಎಷ್ಟು ದಿನ ಉಳಿಯುತ್ತದೆ ಎಂಬುದು ಹಾರ್ಡ್‌ಡಿಸ್ಕಿನ ಗಾತ್ರ, ಕ್ಯಾಮೆರಾಗಳ ಸಂಖ್ಯೆ ಮೇಲೆ ಹೋಗುತ್ತದೆ. ಹಂಗಾಮು ಮುಗಿದು ತಿಂಗಳುಗಳಾಗಿದ್ದರೆ ಕಾರ್ಖಾನೆಯಲ್ಲಿ ಅದು ಅಳಿಸಿ ಹೋಗಿರುವುದೇ ಹೆಚ್ಚು. ಹಾಗಿದ್ದರೆ ಪೊಲೀಸರ ಬಳಿಯ ಪ್ರತಿಯೇ ಜಗತ್ತಿನಲ್ಲಿ ಉಳಿದ ಒಂದೇ ಪ್ರತಿ. ಆದರೂ ಇವತ್ತೇ ವಕೀಲರ ಮೂಲಕ ಕಾರ್ಖಾನೆಗೆ ರಿಜಿಸ್ಟರ್ಡ್ ಪತ್ರ ಬರೆಸಿ: ಇಂಥ ದಿನದ ಇಂಥ ಹೊತ್ತಿನ ದೃಶ್ಯ, ಕಂಪ್ಯೂಟರ್ ಕಾಟಾದ ತೂಕದ ದಾಖಲೆ, ಟ್ರ್ಯಾಕ್ಟರಿನ ಪ್ರವೇಶದ ನಮೂದು ಇವನ್ನು ಅಳಿಸದೆ ಕಾಯ್ದಿಡಬೇಕು ಎಂದು. ತೂಕದ ಚೀಟಿಯಲ್ಲಿ ವಾಹನದ ನಂಬರೂ ವೇಳೆಯೂ ಅಚ್ಚಾಗಿರುತ್ತದಲ್ಲ, ಅದು ದೃಶ್ಯದಷ್ಟೇ ಬೆಲೆಯ ದಾಖಲೆ. ಚೀಟಿ ನೋಡಿ ‘ಟ್ರ್ಯಾಕ್ಟರ್ ಇತ್ತು, ಇವನೇ ಓಡಿಸುತ್ತಿದ್ದ ಎಂದು ಹೇಗೆ’ ಎನ್ನುತ್ತಾರೆ ಎದುರು ವಕೀಲರು. ಆ ಕೊಂಡಿಯನ್ನು ಹಾಕುವುದು ದೃಶ್ಯ ಮತ್ತು ಗುಮಾಸ್ತನ ಮಾತು. ತಮ್ಮನ ಮೊಬೈಲಿನ ಕರೆ ವಿವರವೂ ಸಹಾಯಕ್ಕೆ ಬರಬಹುದು. ದೂರಸಂಪರ್ಕ ಕಂಪನಿಗಳು ಅದನ್ನು ಕನಿಷ್ಠ 2 ವರ್ಷ ಇಡಬೇಕೆಂದು 2021ರ ಡಿಸೆಂಬರಿನಿಂದ ನಿಯಮವಿದೆ. ಆ 2 ವರ್ಷ ಮುಗಿಯುವ ಮುಂಚೆ ಕೋರ್ಟಿನ ಮೂಲಕ ತರಿಸಿಕೊಳ್ಳಿ.

ಒಂದು ಎಚ್ಚರಿಕೆ. ಯಾರೋ ಗುಮಾಸ್ತನನ್ನು ಒಪ್ಪಿಸಿ ಪರದೆಯ ಮೇಲಿನ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿನಲ್ಲಿ ಹರಿಬಿಡುವ ಕೆಲಸ ಮಾಡಬೇಡಿ. ಅದು ಸಾಕ್ಷ್ಯವಾಗಿ ನಿಲ್ಲುವುದಿಲ್ಲ, ಮೇಲಾಗಿ ಸಾಕ್ಷಿದಾರನನ್ನು ತಿದ್ದಿದಿರಿ ಎಂಬ ಮಾತು ಕೇಳಬೇಕಾಗುತ್ತದೆ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಈಗ ಅದಕ್ಕೆ ಎರಡು ಭಾಗ: ಒಂದನ್ನು ಸಲ್ಲಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ, ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ಕಾರ್ಖಾನೆಯವರು ಪ್ರಮಾಣಪತ್ರ ಕೊಡಲು ಒಪ್ಪದಿದ್ದರೆ ಕೋರ್ಟಿನಿಂದ ಆದೇಶ ಪಡೆಯಬಹುದು ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಹೇಳುತ್ತದೆ.

ಈಗ ಅರ್ಜಿ. ಜೆ.ಎಂ.ಎಫ್.ಸಿ. ಕೋರ್ಟಿನಲ್ಲಿ, ಕೇಸು ಸೆಷನ್ಸ್‌ಗೆ ಕಮಿಟ್ ಆಗುವ (ಮ್ಯಾಜಿಸ್ಟ್ರೇಟರು ಅದನ್ನು ಅಲ್ಲಿಗೆ ಒಪ್ಪಿಸುವ) ಮೊದಲೇ, ಕಲಂ 230ರ ಜೊತೆಗೆ 2021ರ ನಿಯಮ ಮತ್ತು ಮನೋಜ್ ತೀರ್ಪನ್ನು ಉಲ್ಲೇಖಿಸಿ ಬಳಸದ ಸಾಮಗ್ರಿಯ ಪಟ್ಟಿ ಕೊಡಿಸಬೇಕೆಂದು ಕೇಳಿ. ಅಲ್ಲಿ ಆಗದಿದ್ದರೆ ಸೆಷನ್ಸ್‌ನಲ್ಲಿ ಮೊದಲ ವಾಯಿದೆಗೇ ಮತ್ತೆ ಕೇಳಿ. ಅರ್ಜಿಯಲ್ಲಿ ‘ಪೊಲೀಸರ ಬಳಿ ಇರುವ ಎಲ್ಲವನ್ನೂ ಕೊಡಿಸಿ’ ಎಂದು ಬರೆಯಿಸಬೇಡಿ. ಅಂಥ ಅರ್ಜಿಯನ್ನು ‘ಬಲೆ ಬೀಸುವ ಅರ್ಜಿ’ ಎಂದು ಸುಲಭವಾಗಿ ತಳ್ಳಿಹಾಕುತ್ತಾರೆ. ಕೇಸ್ ಡೈರಿಯನ್ನೂ ಕೇಳಬೇಡಿ. ಕಲಂ 192ರ ಪ್ರಕಾರ ಆರೋಪಿಗೆ ಅದನ್ನು ತರಿಸಿ ನೋಡುವ ಹಕ್ಕಿಲ್ಲ. ತನಿಖಾಧಿಕಾರಿ ಸಾಕ್ಷಿ ಕಟಕಟೆಯಲ್ಲಿ ನಿಂತು ನೆನಪಿಗಾಗಿ ಅದನ್ನು ತಿರುವಿದರೆ ಮಾತ್ರ ಆ ಭಾಗ ನಿಮ್ಮ ವಕೀಲರ ಕೈಗೆ ಬರುತ್ತದೆ. ಪಟ್ಟಿ ಬಂದ ಮೇಲೆ, ಅಥವಾ ಪಟ್ಟಿಯಲ್ಲಿ ಪೆನ್‌ಡ್ರೈವ್ ಕಾಣಿಸದಿದ್ದಾಗ, ಕಲಂ 94ರ ಕೆಳಗೆ ನಿರ್ದಿಷ್ಟವಾಗಿ ಅದನ್ನು ಹಾಜರುಪಡಿಸುವಂತೆ ತನಿಖಾಧಿಕಾರಿಗೂ ಕಾರ್ಖಾನೆಗೂ ಸಮನ್ಸ್ ಕೇಳಬಹುದು. ಹಳೆಯ ಕಲಂ 91ರ ಈ ಹೊಸ ರೂಪದಲ್ಲಿ ಡಿಜಿಟಲ್ ಸಾಕ್ಷ್ಯವಿರುವ ಸಾಧನಗಳ ಮಾತೂ ಸ್ಪಷ್ಟವಾಗಿಯೇ ಇದೆ.

ಇಲ್ಲೊಂದು ತೊಡಕಿದೆ. ಆರೋಪ ಹೊರಿಸುವ ಹಂತದಲ್ಲಿ ಆರೋಪಿ ತನ್ನ ಕಡೆಯ ದಾಖಲೆ ಮುಂದಿಡುವಂತಿಲ್ಲ, ಕೋರ್ಟು ಪೊಲೀಸರ ಕಾಗದ ಮಾತ್ರ ನೋಡುತ್ತದೆ ಎಂದು 2004ರ ದೇಬೇಂದ್ರನಾಥ ಪಾಢಿ ತೀರ್ಪು ಹೇಳಿದೆ. ನಮ್ಮ ಕಡೆಯ ಕೋರ್ಟುಗಳಲ್ಲಿ ಸರ್ಕಾರಿ ಅಭಿಯೋಜಕರು ಮೊದಲು ಎತ್ತುವುದು ಇದನ್ನೇ. ನಿತ್ಯಾನಂದ ಪ್ರಕರಣದ ತೀರ್ಪು ಕೆಲಸಕ್ಕೆ ಬರುವುದು ಇಲ್ಲಿ. ತನಿಖಾಧಿಕಾರಿ ಕಂಡೂ ಕೋರ್ಟಿಗೆ ಕೊಡದೆ ಉಳಿಸಿಕೊಂಡ, ಗುಣಮಟ್ಟದಲ್ಲಿ ಅಪ್ಪಟವಾದ ಸಾಕ್ಷ್ಯವಿದ್ದರೆ, ಆರೋಪ ಹೊರಿಸುವ ಹಂತದಲ್ಲೂ ಅದನ್ನು ತರಿಸಿ ನೋಡುವ ಅಧಿಕಾರ ಕೋರ್ಟಿಗಿದೆ ಎಂದು ಅದು ಹೇಳಿದೆ. ಕಾರ್ಖಾನೆಯ ಸಿಸಿಟಿವಿಗೂ ನಿಮ್ಮೂರಿನ ಜಗಳಕ್ಕೂ ಸಂಬಂಧವಿಲ್ಲ, ಯಾರೂ ನಿಮಗಾಗಿ ತಿರುಚಿ ಮಾಡಿದ್ದಲ್ಲ. ಅಪ್ಪಟ ಎನ್ನಲು ಇದಕ್ಕಿಂತ ಬೇಕೇ? ಸೆಷನ್ಸ್ ಪ್ರಕರಣದಲ್ಲಿ ಆರೋಪದಿಂದ ಬಿಡುಗಡೆ ಕೋರುವ ಅರ್ಜಿಗೆ ಕಮಿಟ್ ಆದ ದಿನದಿಂದ 60 ದಿನದ ಗಡುವಿದೆ ಎಂಬುದನ್ನು ವಕೀಲರಿಗೆ ನೆನಪಿಸಿ. ಆ ಗಡುವು ಹೊಸದು, ಹಲವರ ಗಮನಕ್ಕೆ ಇನ್ನೂ ಬಂದಂತಿಲ್ಲ.

ಇದೂ ಫಲಿಸದಿದ್ದರೆ ವಿಚಾರಣೆಯಲ್ಲಿ ಪಾಟೀ ಸವಾಲು ಇದ್ದೇ ಇದೆ. ‘ನೀವು ಕಾಟಾಕ್ಕೆ ಹೋಗಿದ್ದಿರಿ, ದೃಶ್ಯ ನೋಡಿದ್ದಿರಿ, ಯಾಕೆ ತರಲಿಲ್ಲ?’ ಎಂಬ ಪ್ರಶ್ನೆಗೆ ತನಿಖಾಧಿಕಾರಿ ಉತ್ತರ ಕೊಡಬೇಕು. ವಾರಾಣಸಿಯ ಹೋಟೆಲೊಂದರ ಸಾವಿನ ಪ್ರಕರಣದಲ್ಲಿ, 2015ರಲ್ಲಿ, ಸಿಸಿಟಿವಿ ದೃಶ್ಯ ಹಾಜರುಪಡಿಸದಿದ್ದುದನ್ನೇ ಅಭಿಯೋಜನೆಯ ವಿರುದ್ಧ ತೂಗಿ ಸುಪ್ರೀಂ ಕೋರ್ಟ್ ಇಬ್ಬರು ವಿದೇಶಿ ಆರೋಪಿಗಳನ್ನು ಬಿಡುಗಡೆ ಮಾಡಿತು. ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರದ ಕುರಿತು ಆ ತೀರ್ಪು ಹೇಳಿದ್ದನ್ನು 2020ರಲ್ಲಿ ತಳ್ಳಿಹಾಕಲಾಗಿದೆ. ಆದರೆ ಇದ್ದ ಸಾಕ್ಷ್ಯವನ್ನು ತಡೆಹಿಡಿದವರ ವಿರುದ್ಧ ಊಹೆ ಮಾಡಬಹುದೆಂಬ ತತ್ವ ಸಾಕ್ಷ್ಯ ಅಧಿನಿಯಮದ ಕಲಂ 119ರಲ್ಲಿ ಹಾಗೆಯೇ ಉಳಿದಿದೆ. ಇದನ್ನೇ ನಂಬಿ ಕೂರಬೇಡಿ ಎನ್ನುತ್ತೇನೆ. ಘಟನೆಯ ಹೊತ್ತಿಗೆ ಬೇರೆ ಕಡೆ ಇದ್ದೆ ಎಂಬುದನ್ನು ಸಾಬೀತು ಮಾಡುವ ಹೊರೆ ಹಾಗೆಂದವನ ಮೇಲೆಯೇ ಇರುತ್ತದೆ, ಮತ್ತು ಆ ಮಾತನ್ನು ಎಷ್ಟು ಬೇಗ ಎತ್ತುತ್ತೀರೋ ಅಷ್ಟು ನಂಬಿಕೆ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಹೆಚ್ಚು ಹಿಡಿಸಿತು. ಮೇಲೆ ಹೇಳಿದ ತೀರ್ಪುಗಳೆಲ್ಲ ಕೋರ್ಟಿಗೂ ಅಭಿಯೋಜಕರಿಗೂ ಹೇಳಿದವು. ಆದರೆ ಪಟ್ಟಿ ಹುಟ್ಟಬೇಕಾದದ್ದು ಠಾಣೆಯಲ್ಲಿ. ಸಹಾಯಕ ಸರ್ಕಾರಿ ಅಭಿಯೋಜಕರು ಚಾರ್ಜ್‌ಶೀಟ್ ಪರಿಶೀಲಿಸುವಾಗ ಅವರ ಮೇಜಿನ ಮೇಲೆ ಇರುವುದು ತನಿಖಾಧಿಕಾರಿ ತಂದ ಕಡತ ಮಾತ್ರ. ಪೆನ್‌ಡ್ರೈವ್ ಠಾಣೆಯ ಕಪಾಟಿನಲ್ಲಿದ್ದರೆ ಅವರಿಗೆ ಅದರ ಸುಳಿವೂ ಇರುವುದಿಲ್ಲ. ಕೋರ್ಟಿನಲ್ಲಿ ‘ಪಟ್ಟಿ ಕೊಡಿ’ ಎಂದಾಗ ಅವರು ತನಿಖಾಧಿಕಾರಿಯ ಮುಖ ನೋಡುತ್ತಾರೆ. ಅಷ್ಟರಲ್ಲಿ ಆ ಪಿ.ಎಸ್.ಐ.ಗೆ ವಿಜಯಪುರಕ್ಕೋ ಗದಗಕ್ಕೋ ವರ್ಗವಾಗಿರುತ್ತದೆ, ಹೊಸಬರಿಗೆ ಏನಿತ್ತು ಎಂಬುದೇ ಗೊತ್ತಿರುವುದಿಲ್ಲ. ದುರುದ್ದೇಶವೇ ಬೇಕಿಲ್ಲ, ಬರೆದಿಡದಿದ್ದರೆ ಸಾಕು, ಸಾಕ್ಷ್ಯ ಕಾಣೆಯಾಗುತ್ತದೆ.

ಅಮೆರಿಕದವರು ಇದೇ ಗುಂಡಿಗೆ ಬಿದ್ದು ಎದ್ದವರು. ಆರೋಪಿಗೆ ಅನುಕೂಲವಾದ ಮಹತ್ವದ ಸಾಕ್ಷ್ಯವನ್ನು ಅಭಿಯೋಜಕರು ಮುಚ್ಚಿಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲೇ, ಬ್ರೇಡಿ ಪ್ರಕರಣದಲ್ಲಿ, ಹೇಳಿತ್ತು. ‘ಪೊಲೀಸರು ನಮಗೆ ಹೇಳಲೇ ಇಲ್ಲ’ ಎಂಬುದು ಅಭಿಯೋಜಕರ ಸಿದ್ಧ ಉತ್ತರವಾಯಿತು. 1995ರಲ್ಲಿ ಕೈಲ್ಸ್ ಪ್ರಕರಣದಲ್ಲಿ ಆ ಬಾಗಿಲನ್ನೂ ಮುಚ್ಚಿದರು: ಪೊಲೀಸರಿಗೆ ಗೊತ್ತಿದ್ದದ್ದನ್ನು ತಿಳಿದುಕೊಳ್ಳುವ ಹೊಣೆ ಅಭಿಯೋಜಕರದೇ. ಆದರೂ ಕೆಳಗಿನಿಂದ ಮೇಲಕ್ಕೆ ಮಾಹಿತಿ ಹರಿಯುವ ಕಾಲುವೆ ಇರಲಿಲ್ಲ. ಟೆಕ್ಸಾಸ್‌ನಲ್ಲಿ ಮೈಕೆಲ್ ಮಾರ್ಟನ್ ಎಂಬವರು ಹೆಂಡತಿಯ ಕೊಲೆಯ ಆರೋಪದಲ್ಲಿ 1987ರಲ್ಲಿ ಶಿಕ್ಷೆಗೊಳಗಾಗಿ ಸುಮಾರು 25 ವರ್ಷ ಜೈಲಿನಲ್ಲಿದ್ದು 2011ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಹೊರಬಂದರು. ಕೊಲೆ ನಡೆದಾಗ ಅಪ್ಪ ಮನೆಯಲ್ಲಿರಲಿಲ್ಲ ಎಂದು ಅವರ ಪುಟ್ಟ ಮಗ ಅಜ್ಜಿಗೆ ಹೇಳಿದ್ದ. ಅಜ್ಜಿ ಅದನ್ನು ಪೊಲೀಸರಿಗೆ ತಿಳಿಸಿದ್ದರು, ಕಾಗದದಲ್ಲೂ ಇತ್ತು, ಪ್ರತಿವಾದಿ ವಕೀಲರಿಗೆ ಮಾತ್ರ ಸಿಗಲಿಲ್ಲ. 2013ರಲ್ಲಿ ಅವರ ಹೆಸರಿನಲ್ಲೇ ಆ ರಾಜ್ಯ ಕಾನೂನು ಮಾಡಿತು. 2021ರಲ್ಲಿ ಇನ್ನೊಂದು ಹೆಜ್ಜೆ ಇಟ್ಟು, ಕಡತವನ್ನು ಅಭಿಯೋಜಕರಿಗೆ ಒಪ್ಪಿಸುವಾಗ ಕೊಡಬೇಕಾದದ್ದನ್ನೆಲ್ಲ ಕೊಟ್ಟಿದ್ದೇವೆ ಎಂದು ಪ್ರಕರಣ ಬಲ್ಲ ಪೊಲೀಸ್ ಸಿಬ್ಬಂದಿಯೊಬ್ಬರು ಲಿಖಿತವಾಗಿ ಹೇಳಬೇಕೆಂದು ಸೇರಿಸಿತು. ಪೊಲೀಸ್ ಇಲಾಖೆಗಳೇ ಬರಹದ ನೀತಿ ಹೊಂದಿರಬೇಕು ಎಂಬ ನಿಮ್ಮ ಮಗಳು ಓದಿದ ಮಾತಿನ ಹಿನ್ನೆಲೆ ಇದು.

ಇಂಗ್ಲೆಂಡಿನಲ್ಲಿ 1996ರ ಕಾಯ್ದೆಯೇ ಇದೆ. ತನಿಖಾಧಿಕಾರಿ ಆರೋಪಿಯ ಕಡೆಗೆ ಬೊಟ್ಟು ಮಾಡುವ ಜಾಡನ್ನೂ ಅವನಿಂದ ದೂರ ಒಯ್ಯುವ ಜಾಡನ್ನೂ ಹಿಡಿಯಬೇಕು, ಬಳಸದ ಸಾಮಗ್ರಿಯ ಅನುಸೂಚಿಯನ್ನು ಅದಕ್ಕೆಂದೇ ಗೊತ್ತುಮಾಡಿದ ಅಧಿಕಾರಿ ತಯಾರಿಸಬೇಕು. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ವ್ಯವಸ್ಥೆ ಇಲ್ಲ. ಹಾಗಿದ್ದೂ 2017ರ ಡಿಸೆಂಬರಿನಲ್ಲಿ ಲಂಡನ್ನಿನ ವಿದ್ಯಾರ್ಥಿಯೊಬ್ಬನ ಮೇಲೆ ಹೊರಿಸಿದ್ದ ಅತ್ಯಾಚಾರದ ಆರೋಪದ ವಿಚಾರಣೆ ಅರ್ಧಕ್ಕೆ ಕುಸಿಯಿತು. ದೂರುದಾರಳ ಫೋನಿನಿಂದ ತೆಗೆದ ಸುಮಾರು 40,000 ಸಂದೇಶಗಳು ಪೊಲೀಸರ ಬಳಿಯೇ ಇದ್ದವು, ಅವುಗಳಲ್ಲೇ ಅವನನ್ನು ಉಳಿಸುವ ಮಾತೂ ಇತ್ತು. ಆದ್ದರಿಂದ ನೀತಿ ಬರೆದು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಕೆಲಸವಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಯಾರು ಬರೆಯಬೇಕು, ಯಾವಾಗ ಬರೆಯಬೇಕು, ಬರೆಯದಿದ್ದರೆ ಯಾರು ಕೇಳಬೇಕು, ಈ ಮೂರೂ ಅದರಲ್ಲಿ ಇರಬೇಕು.

ನಮ್ಮಲ್ಲಿ ಇದಕ್ಕೆ ದೊಡ್ಡ ಕಾಯ್ದೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಕರ್ನಾಟಕ ಪೊಲೀಸ್ ಕೈಪಿಡಿ ಇದೆ, ಡಿಜಿಪಿ ಕಚೇರಿಯಿಂದ ಸುತ್ತೋಲೆಗಳೂ ಸ್ಥಾಯಿ ಆದೇಶಗಳೂ ಹೊರಡುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಬೆಳಗಾವಿಯಲ್ಲಿರುವ ಉತ್ತರ ವಲಯ ಐಜಿಪಿ ಅವರ ಕೆಳಗೇ ಬರುತ್ತವೆ. ಒಂದು ಸುತ್ತೋಲೆ ಸಾಕು: ಸಂಗ್ರಹಿಸಿದ ಪ್ರತಿಯೊಂದು ವಸ್ತುವೂ ಅದೇ ದಿನ ಒಂದು ವಹಿಗೆ ಏರಬೇಕು, ಪಂಚನಾಮೆ ಆಗಿರಲಿ ಬಿಡಲಿ. ಚಾರ್ಜ್‌ಶೀಟಿನ ಜೊತೆ ಬಳಸದ ಸಾಮಗ್ರಿಯ ಪಟ್ಟಿ ಮತ್ತು ‘ಇದರ ಹೊರತು ಬೇರೇನೂ ಇಲ್ಲ’ ಎಂಬ ಸಹಿ ಇರಬೇಕು. ವರ್ಗವಾದಾಗ ಆ ವಹಿಯೂ ಹಸ್ತಾಂತರವಾಗಬೇಕು. ಪಟ್ಟಿ ಇಲ್ಲದ ಚಾರ್ಜ್‌ಶೀಟನ್ನು ಅಭಿಯೋಜಕರು ಮರಳಿಸಬೇಕು. ವಿದ್ಯುನ್ಮಾನ ಸಾಧನ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿಯನ್ನು ಪೊಲೀಸ್ ವರದಿಯಲ್ಲೇ ಬರೆಯಬೇಕೆಂದು ಕಲಂ 193 ಈಗಾಗಲೇ ಹೇಳಿದೆ. ಅದನ್ನೇ ಬಳಸದ ಸಾಮಗ್ರಿಗೂ ಹಿಗ್ಗಿಸಿದರಾಯಿತು.

ಪೊಲೀಸರ ಕಷ್ಟವನ್ನೂ ಹೇಳಬೇಕು. ತನಿಖೆ ಮಾಡುವ ಪಿ.ಎಸ್.ಐ.ಯೇ ಜಾತ್ರೆಯ ಬಂದೋಬಸ್ತ್ ನೋಡಬೇಕು, ಕಬ್ಬಿನ ದರದ ಹೋರಾಟ ಎದ್ದರೆ ರಸ್ತೆಗಿಳಿಯಬೇಕು, ಚಳಿಗಾಲದ ಅಧಿವೇಶನ ಬಂತೆಂದರೆ ಸುವರ್ಣ ವಿಧಾನಸೌಧಕ್ಕೆ ಹೋಗಿ ನಿಲ್ಲಬೇಕು. ಅಷ್ಟು ದಿನ ಕಡತ ಕಟ್ಟಿಟ್ಟಲ್ಲೇ ಇರುತ್ತದೆ. ಇನ್ನೊಂದು ವಹಿ ಎಂದರೆ ಅವರು ಗೊಣಗುವುದು ಸಹಜ. ಎರಡನೆಯ ಆಕ್ಷೇಪ ಗಂಭೀರವಾದದ್ದು: ಸುಳಿವು ಕೊಟ್ಟವರ ಹೆಸರು, ಬೆದರಿದ ಸಾಕ್ಷಿದಾರರ ಹೇಳಿಕೆ, ಹೆಣ್ಣುಮಕ್ಕಳ ಖಾಸಗಿ ದೃಶ್ಯಗಳು ಪಟ್ಟಿಯ ಮೂಲಕ ಹೊರಬಿದ್ದರೆ? ಅದಕ್ಕೆ ಕಾನೂನಿನಲ್ಲೇ ದಾರಿಯಿದೆ. ಹೇಳಿಕೆಯ ಒಂದು ಭಾಗ ಪ್ರಕರಣಕ್ಕೆ ಸಂಬಂಧಿಸಿಲ್ಲ, ಅಥವಾ ಅದನ್ನು ಆರೋಪಿಗೆ ಕೊಡುವುದು ನ್ಯಾಯಕ್ಕೆ ಬೇಕಿಲ್ಲ, ಸಾರ್ವಜನಿಕ ಹಿತಕ್ಕೂ ಒಳಿತಲ್ಲ ಎನಿಸಿದರೆ, ಅದನ್ನು ಬಿಡುವಂತೆ ಕಾರಣ ಬರೆದು ತನಿಖಾಧಿಕಾರಿ ಕೋರ್ಟನ್ನು ಕೋರಬಹುದು. ಕೇರಳದ ನಟ ದಿಲೀಪ್ ಪ್ರಕರಣದಲ್ಲಿ, 2019ರಲ್ಲಿ, ಮೆಮೊರಿ ಕಾರ್ಡಿನ ದೃಶ್ಯವೂ ದಾಖಲೆಯೇ ಎಂದ ಸುಪ್ರೀಂ ಕೋರ್ಟ್, ಸಂತ್ರಸ್ತೆಯ ಖಾಸಗಿತನಕ್ಕಾಗಿ ಅದರ ಪ್ರತಿ ಕೊಡದೆ ನೋಡಲು ಮಾತ್ರ ಅವಕಾಶ ಕೊಟ್ಟಿತು. ಕಬ್ಬಿನ ಕಾಟಾದ ದೃಶ್ಯದಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಇದು ಆರೋಪಿಗಳಿಗೆ ಮಾತ್ರ ಅನುಕೂಲ ಎಂದು ನಿಮ್ಮೂರಲ್ಲಿ ಯಾರಾದರೂ ಅಂದರೆ, ಕಲಂ 230 ಈಗ ವಕೀಲರನ್ನಿಟ್ಟ ಸಂತ್ರಸ್ತರಿಗೂ ಪ್ರತಿ ಕೊಡಬೇಕೆನ್ನುತ್ತದೆ ಎಂದು ಹೇಳಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ಫಿರ್ಯಾದಿಗೆ ತಿಳಿಸುವ ಹೊಣೆಯೂ ಪೊಲೀಸರ ಮೇಲಿದೆ. ಕೊಡಲಿ ಏಟು ತಿಂದ ಆ ಮನೆಯವರಿಗೂ ನಿಜವಾಗಿ ಹೊಡೆದವನು ಯಾರೆಂದು ತಿಳಿಯಬೇಕಲ್ಲ.

ಮಾಹಿತಿ ಹಕ್ಕಿನ ಅರ್ಜಿಯ ಬಗ್ಗೆ ಹಲವರು ಸಲಹೆ ಕೊಡುತ್ತಾರೆ. ಸದ್ಯಕ್ಕೆ ಬೇಡ, ವಿಚಾರಣೆಗೆ ಅಡ್ಡಿ ಎಂಬ ವಿನಾಯಿತಿ ತೋರಿಸಿ ತಳ್ಳುತ್ತಾರೆ, ತಿಂಗಳುಗಳು ಹೋಗುತ್ತವೆ, ಅತ್ತ ಕಮಿಟ್ ಆಗಿ 60 ದಿನವೂ ಕಳೆದಿರುತ್ತದೆ.

ಕೊನೆಯದಾಗಿ, ಸೆಷನ್ಸ್ ಕೋರ್ಟು ಪೆನ್‌ಡ್ರೈವ್ ತರಿಸುವ ಅರ್ಜಿಯನ್ನು ತಿರಸ್ಕರಿಸಿದರೆ ರಿವಿಜನ್ (ಮೇಲಿನ ಕೋರ್ಟಿಗೆ ಪುನರ್ ಪರಿಶೀಲನೆಯ ಅರ್ಜಿ) ಹಾಕಲು ಹೋಗಬೇಡಿ. ಅಂಥ ಆದೇಶ ಮಧ್ಯಂತರ ಸ್ವರೂಪದ್ದು, ಅದರ ಮೇಲೆ ರಿವಿಜನ್ ನಡೆಯುವುದಿಲ್ಲ ಎಂದು 2009ರ ಸೇತುರಾಮನ್ ತೀರ್ಪಿನಲ್ಲಿ ಹೇಳಿಯಾಗಿದೆ. ಹೈಕೋರ್ಟಿನ ಅಂತರ್ಗತ ಅಧಿಕಾರದ ಕಲಂ 528ರ ಕೆಳಗೆ ನೇರವಾಗಿ ಧಾರವಾಡ ಪೀಠಕ್ಕೆ ಹೋಗಬೇಕು. ವಿಜಯಪುರ ಜಿಲ್ಲೆಯ ಓದುಗರಾದರೆ ಕಲಬುರಗಿ ಪೀಠಕ್ಕೆ. ಹೋಗುವಾಗ ಕೆಳಗಿನ ಎರಡೂ ಕೋರ್ಟುಗಳಲ್ಲಿ ಹಾಕಿದ ಅರ್ಜಿ, ಅದಕ್ಕೆ ಬಂದ ತಕರಾರು, ಆದೇಶ, ಕಾರ್ಖಾನೆಗೆ ಬರೆದ ಪತ್ರ ಮತ್ತು ಅದರ ಅಂಚೆ ರಸೀದಿ ಇವುಗಳ ಪ್ರಮಾಣಿತ ಪ್ರತಿ ಅಥವಾ ಮೂಲ ಜೊತೆಗಿರಲಿ.